ಮಾಜಿ ಎಡ ಟೈರಿನವರ ಸನ್ನಿಧಿಗೆ, ಹದಿನೆಂಟು ಭಾನುವಾರಗಳ ಬಗ್ಗೆ

ಇವರಿಗೆ,
ಶ್ರೀಮಾನ್ ಎಡಗಡೆಯ ಟೈರ್ ಅವರು (ನಿವೃತ್ತ),
ದೋಣಿ ಸಾಗಿಸುವ ಟ್ರೇಲರ್.
ಸದ್ಯದ ವಿಳಾಸ: ನಮ್ಮ ಶೆಡ್ಡಿನ ಹಿಂಗೋಡೆ, ಮುರಿದ ಏಣಿಗೂ ಒಣಗಿದ ಬಣ್ಣದ ಡಬ್ಬಗಳಿಗೂ ನಡುವೆ.

ವಿಷಯ: ಕಳೆದ ಶನಿವಾರ ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ತಾವು ಯಾವ ಮುನ್ಸೂಚನೆಯನ್ನೂ ಕೊಡದೆ ಸೇವೆಯಿಂದ ಬಿಡುಗಡೆ ಪಡೆದ ಬಗ್ಗೆ.
ಉಲ್ಲೇಖ: ಅದೇ ದಿನ, ಅದೇ ಹೊತ್ತಿಗೆ ತಾವು ನೀಡಿದ 'ಢಬ್' ಎಂಬ ಮೌಖಿಕ ಹೇಳಿಕೆ.

ಮಾನ್ಯರೇ,

ಪತ್ರದ ಆರಂಭದಲ್ಲಿ ಕ್ಷೇಮ ಸಮಾಚಾರ ವಿಚಾರಿಸುವುದು ಹಿರಿಯರಿಂದ ಬಂದ ಪದ್ಧತಿ. ಆದರೆ ತಮ್ಮ ಅರ್ಧ ಭಾಗ ನಮ್ಮ ಶೆಡ್ಡಿನಲ್ಲೂ ಉಳಿದರ್ಧ ಹೆದ್ದಾರಿಯ ಪಕ್ಕದ ಚರಂಡಿಯಲ್ಲೂ ವಾಸವಾಗಿರುವುದರಿಂದ ಯಾವ ಭಾಗದ ಕ್ಷೇಮವನ್ನು ಮೊದಲು ವಿಚಾರಿಸಿದರೆ ಇನ್ನೊಂದಕ್ಕೆ ಬೇಸರವಾಗುವುದಿಲ್ಲವೋ ತಿಳಿಯದೆ, ಎರಡಕ್ಕೂ ಒಟ್ಟಿಗೇ ನಮಸ್ಕಾರ ಹೇಳಿ ಮುಂದಕ್ಕೆ ಹೋಗುತ್ತಿದ್ದೇನೆ. ನಾನು ಈ ಮನೆಯ ಕಿರಿಯ ಮಗಳು. ಮನೆಯಲ್ಲೂ ಬೀದಿಯಲ್ಲೂ ನನ್ನನ್ನು 'ಕಿತಾಪತಿ' ಎಂದೇ ಕರೆಯುತ್ತಾರೆ. ಕಳೆದ ಹದಿನೆಂಟು ವಾರಗಳಿಂದ ತಮ್ಮ ಗಾಳಿಯ ಉಸ್ತುವಾರಿ ನನ್ನದಾಗಿತ್ತು ಎಂಬುದನ್ನು ತಾವು ಮರೆತಿರಲಾರಿರಿ, ಅಥವಾ ಮರೆತಿದ್ದರೆ ಅದಕ್ಕೆ ಸಕಾರಣವಿದೆ. ಆ ಕಾರಣಕ್ಕೆ ಆಮೇಲೆ ಬರುತ್ತೇನೆ.

ಈ ದೂರನ್ನು ತಮ್ಮನ್ನು ತಯಾರಿಸಿದ ಕಂಪನಿಗೆ ಬರೆಯಬೇಕೆಂಬುದು ನನ್ನ ಅಕ್ಕನ ಅಪ್ಪಣೆ. "ನಿನ್ನ ಕೈಬರಹ ಚೆನ್ನಾಗಿದೆ, ಖಾರವಾಗಿ ಒಂದು ಕಾಗದ ಬರಿ, ಇಂಥ ಟೈರನ್ನ ಮಾರೋಕೆ ನಾಚಿಕೆ ಆಗಲ್ವಾ ಅಂತ ಕೇಳು" ಎಂದು ಅವಳು ಹಾಳೆ, ಪೆನ್ನು ಎರಡನ್ನೂ ತಂದುಕೊಟ್ಟಿದ್ದಾಳೆ. ಆದರೆ ಕಂಪನಿಯವರು ತಮ್ಮನ್ನು ಹುಟ್ಟಿಸಿ ಕೈತೊಳೆದುಕೊಂಡವರು. ತಮ್ಮ ಜೊತೆ ಸಂಸಾರ ಮಾಡಿದವರು ನಾವು. ಮನೆಯ ವಿಷಯ ಬೀದಿಗೆ ತರುವ ಮುನ್ನ ಮೊದಲು ತಮ್ಮನ್ನೇ ಕೇಳೋಣವೆಂದು ಈ ಪತ್ರ ಬರೆಯುತ್ತಿದ್ದೇನೆ. ಬರೆದು ಮುಗಿಸಿದ ಮೇಲೆ ಇದನ್ನು ಶೆಡ್ಡಿನ ಬಾಗಿಲಿಗೆ ಅಂಟಿಸಲಿದ್ದೇನಾದ್ದರಿಂದ ಬೀದಿಗೆ ಬಂದೇ ಬರುತ್ತದೆ, ಅದು ಬೇರೆ ಮಾತು.

ಶನಿವಾರ ಏನು ಹಾಳಾಯಿತು ಎಂಬುದು ತಮಗೆ ಪೂರ್ತಿ ತಿಳಿದಿರಲಿಕ್ಕಿಲ್ಲ. ದೋಣಿಯ ಭಾರ ಹೊತ್ತವರಿಗೆ ದೋಣಿಯಲ್ಲಿ ಏನಿತ್ತು ಎಂದು ಯಾರೂ ಹೇಳುವುದಿಲ್ಲ. ಸರೋವರದ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ಕಡವಿನಲ್ಲಿ ಹಳೆಯ ದೋಣಿಗಾರರು ಮಂಡಿನೋವೆಂದು ಕೆಲಸ ಬಿಡುತ್ತಿದ್ದಾರೆ. ಆ ಜಾಗಕ್ಕೆ ಕಡವಿನ ಕಚೇರಿಯವರು ಪರೀಕ್ಷೆ ಇಟ್ಟಿದ್ದರು: ಸ್ವಂತ ದೋಣಿಯನ್ನು ತಂದು ಬೆಳಿಗ್ಗೆ ಒಂಬತ್ತು ಗಂಟೆಯೊಳಗೆ ನೀರಿಗೆ ಇಳಿಸಬೇಕು, ದೂರದಲ್ಲಿ ತೇಲುವ ಕೆಂಪು ಡ್ರಮ್ಮನ್ನು ಸುತ್ತಿ ಬರಬೇಕು, ಅಲೆ ಇದ್ದರೂ ಇಲ್ಲದಿದ್ದರೂ ಕಟ್ಟೆಗೆ ಮೆಲ್ಲಗೆ ಮುಟ್ಟಿಸಿ ನಿಲ್ಲಿಸಬೇಕು. ನನ್ನ ಅಕ್ಕ ದಡದಲ್ಲಿ ಮಗುಚಿ ಬಿದ್ದು ಗೆದ್ದಲಿಗೆ ಊಟವಾಗುತ್ತಿದ್ದ ಒಂದು ದೋಣಿಯನ್ನು ಹಲಗೆ ಹಲಗೆಯಾಗಿ ಬಿಚ್ಚಿ, ಕೆಟ್ಟದ್ದನ್ನು ತೆಗೆದು ಹೊಸದನ್ನು ಕೂರಿಸಿ, ಎರಡು ವರ್ಷ ಅದರ ಹೊಟ್ಟೆಯ ಕೆಳಗೆ ಮಲಗಿ ಎದ್ದು ಈ ಪರೀಕ್ಷೆಗೆಂದೇ ಸಿದ್ಧ ಮಾಡಿದ್ದಳು. ಅಂಥ ದೋಣಿಯನ್ನು ಮನೆಯಿಂದ ಕಡವಿನವರೆಗೆ ನಲವತ್ತು ಕಿಲೋಮೀಟರ್ ಒಯ್ಯುವುದಷ್ಟೇ ತಮ್ಮ ಪಾಲಿನ ಕೆಲಸವಾಗಿತ್ತು. ತಾವು ಮೂವತ್ತೆರಡಕ್ಕೇ ಸಾಕೆಂದಿರಿ. ಎಂಬತ್ತು ಪಾಲು ಕೆಲಸ ಮಾಡಿದವರನ್ನು ಶಾಲೆಯಲ್ಲಾದರೆ ಪ್ರಥಮ ದರ್ಜೆಯಲ್ಲಿ ಪಾಸು ಮಾಡುತ್ತಿದ್ದರು. ರಸ್ತೆಯ ನಿಯಮ ಸ್ವಲ್ಪ ಕಟುವಾಗಿದೆ.

ದೂರಿನ ನಡುವೆಯೂ ತಮ್ಮ ಪ್ರತಿಭೆಯನ್ನು ಹೊಗಳದಿದ್ದರೆ ನನ್ನ ಪೆನ್ನು ನನ್ನನ್ನೇ ಚುಚ್ಚೀತು. ಇಂಥ ನಟನೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮ ಅಪ್ಪ ದೋಣಿ ರಿಪೇರಿ ಮಾಡುವವರು. ಹಲಗೆಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರೆ ಸಾಕು, ಒಳಗೆ ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಎಂದು ಹೇಳಿಬಿಡುತ್ತಾರೆ. ಆ ವಿಷಯದಲ್ಲಿ ಅವರ ಮಾತು ಈವರೆಗೆ ಸುಳ್ಳಾಗಿಲ್ಲ. "ಟಣ್ ಅಂದ್ರೆ ಗಟ್ಟಿ, ದೊಪ್ ಅಂದ್ರೆ ಟೊಳ್ಳು. ಮರಕ್ಕೂ ಅಷ್ಟೇ, ಮನುಷ್ಯರಿಗೂ ಅಷ್ಟೇ" ಎಂಬುದು ಅವರ ಸಿದ್ಧಾಂತ. (ನನ್ನ ಪರೀಕ್ಷೆಯ ಅಂಕ ಬಂದ ದಿನ ನನ್ನ ತಲೆಯನ್ನು ತಟ್ಟಿ ನೋಡಿ, ಕೈ ತೊಳೆಯಲು ಹೋದರು.) ಹಲಗೆಗೆ ಹೊಂದಿದ ಸಿದ್ಧಾಂತ ಟೈರಿಗೇಕೆ ಹೊಂದಬಾರದೆಂದು ಅವರು ದಿನವೂ ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು ತಮ್ಮನ್ನೂ ತಟ್ಟುತ್ತಿದ್ದರು, ತಾವು ತಪ್ಪದೆ 'ಟಣ್' ಎನ್ನುತ್ತಿದ್ದಿರಿ. ಒಳಗಿನ ಗಾಳಿ ವಾರವಾರವೂ ಕಳ್ಳಹೆಜ್ಜೆಯಲ್ಲಿ ಹೊರಗೆ ಹೋಗುತ್ತಿದ್ದರೂ ತಮ್ಮ ದಪ್ಪ ಗೋಡೆ ನಿಂತ ಹಾಗೇ ನಿಂತಿತ್ತು. ಹೊಟ್ಟೆಗೆ ಅರ್ಧ ಹಿಟ್ಟಿದ್ದರೂ ಮೀಸೆಗೆ ಪೂರ್ತಿ ತುಪ್ಪ.

ತಮ್ಮ ಅಭಿಮಾನಿ ಬಳಗ ಅಪ್ಪನಿಗೇ ನಿಲ್ಲಲಿಲ್ಲ. ನಮ್ಮ ಸೋದರಮಾವ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರು ಬಂದಾಗಲೆಲ್ಲ ಬಲಗಾಲಿನಿಂದ ತಮಗೆ ಮೂರು ಒದೆ ಕೊಟ್ಟು, ವೈದ್ಯರು ನಾಡಿ ನೋಡಿದ ಮೇಲೆ ತಲೆಯಾಡಿಸುವಂತೆ ತಲೆಯಾಡಿಸಿ "ಫಸ್ಟ್ ಕ್ಲಾಸ್" ಎನ್ನುತ್ತಿದ್ದರು. ಬಲಗಡೆಯ ಚಕ್ರ ಗೋಡೆಗೆ ಒತ್ತಿಕೊಂಡಿದ್ದರಿಂದ ಈ ತಟ್ಟುವ ಒದೆಯುವ ಮರ್ಯಾದೆಗಳೆಲ್ಲ ತಮಗೊಬ್ಬರಿಗೇ ಸಲ್ಲುತ್ತಿದ್ದವು. ದೋಣಿಗೆ ಹೊದಿಸುವ ಟಾರ್ಪಾಲು ಹೊಲಿಯುತ್ತಾ ಕೂತ ಅಮ್ಮ ಮಾತ್ರ ಒಮ್ಮೆ ಸೂಜಿಯಿಂದ ತಲೆಯೆತ್ತದೆ, "ಆ ಟೈರು ನನ್ನ ತಮ್ಮನ ಹಾಗೇ ಇದೆ, ನೋಡೋಕೆ ತುಂಬಿಕೊಂಡಿರುತ್ತೆ" ಎಂದಿದ್ದಳು. ಮಾವ ಅದನ್ನು ಹೊಗಳಿಕೆಯೆಂದು ತಿಳಿದು ಇನ್ನೊಂದು ಲೋಟ ಚಹಾ ಕೇಳಿದರು.

ಅಪ್ಪನ ತಟ್ಟನ್ನೂ ಮಾವನ ಒದೆಯನ್ನೂ ನಂಬದೆ ಅಳೆದು ನೋಡಿದವಳು ಅಕ್ಕ ಒಬ್ಬಳೇ. ತಮ್ಮನ್ನು ರಿಮ್ಮಿಗೆ ಹಾಕಿದ ಅಂಗಡಿಯವನು ಬರಹವಿರುವ ಕೆನ್ನೆಯನ್ನು ಒಳಮುಖ ಮಾಡಿ ಕೂರಿಸಿದ್ದರಿಂದ, ಅವಳು ಟ್ರೇಲರಿನ ಕೆಳಗೆ ಅಂಗಾತ ಮಲಗಿ, ಟಾರ್ಚು ಹಿಡಿದು, ತಮ್ಮ ಮೈಮೇಲಿನ ಸಣ್ಣಕ್ಷರಗಳನ್ನು ಓದಿದಳು. ಅರವತ್ತು ಪೌಂಡ್, ತಣ್ಣಗಿರುವಾಗ. ಅಷ್ಟೂ ತುಂಬಿದಳು. ಆಮೇಲೆ ಪೆನ್ನಿನ ಉದ್ದದ ಒಂದು ಗಾಳಿ ಮೀಟರನ್ನು ತಂದು ನನ್ನ ಅಂಗೈಯಲ್ಲಿ ಇಟ್ಟು, "ನಾನು ದೋಣಿ ನೋಡ್ಕೋತೀನಿ, ನೀನು ಟೈರು ನೋಡ್ಕೋ. ಪ್ರತಿ ಭಾನುವಾರ, ಬಿಸಿಲು ಬೀಳೋ ಮುಂಚೆ. ಕಮ್ಮಿ ಇದ್ರೆ ಪಂಪು ಹೊಡಿ. ಎಷ್ಟಿತ್ತು ಅಂತ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರಿ. ಇದೊಂದರಲ್ಲಿ ಕಿತಾಪತಿ ಮಾಡಬೇಡ ಕಣೇ" ಎಂದಳು. ನಾನು ಎದೆ ಮುಟ್ಟಿಕೊಂಡು ಒಪ್ಪಿಕೊಂಡೆ.

ಮಾನ್ಯರೇ, ಶೆಡ್ಡಿನ ಬಾಗಿಲ ಮೇಲೆ ಈಗಲೂ ಹದಿನೆಂಟು ಅಂಕಿಗಳಿವೆ. ನೋಡಿದವರ ಕಣ್ಣು ತಂಪಾಗುವಂಥ ಸಾಲು. ಅರವತ್ತು, ಅರವತ್ತು, ಐವತ್ತೊಂಬತ್ತು, ಅರವತ್ತು. ಒಂದು ಕಡೆ ಅರವತ್ತೂವರೆ. ಆ ಅರ್ಧವನ್ನು ನೋಡಿ ಅಕ್ಕ ಅಮ್ಮನನ್ನು ಕರೆದು ತೋರಿಸಿ, "ನೋಡಮ್ಮಾ, ಅರ್ಧ ಪೌಂಡನ್ನೂ ಬಿಟ್ಟಿಲ್ಲ ಇವಳು" ಎಂದು ಹೆಮ್ಮೆಪಟ್ಟಿದ್ದಳು. ಆ ಹದಿನೆಂಟರಲ್ಲಿ ಮೊದಲನೆಯದು ನಿಜ. ಉಳಿದ ಹದಿನೇಳನ್ನು ನಾನು ಬಾಗಿಲ ಮುಂದೆ ನಿಂತು, ತಮ್ಮ ಕಡೆ ತಿರುಗಿಯೂ ನೋಡದೆ, ಮನಸ್ಸಿಗೆ ತೋಚಿದಂತೆ ರಚಿಸಿದೆ. ಎಲ್ಲ ವಾರವೂ ಅರವತ್ತೆಂದು ಬರೆದರೆ ಯಾರಿಗಾದರೂ ಅನುಮಾನ ಬಂದೀತೆಂದು ನಡುನಡುವೆ ಸತ್ಯದ ರುಚಿ ಬರಲೆಂದು ಐವತ್ತೊಂಬತ್ತನ್ನು ಚಿಮುಕಿಸಿದೆ. ಅರವತ್ತೂವರೆ ಬರೆದ ದಿನವಂತೂ ನನ್ನ ಕಲೆ ನನಗೇ ಮೆಚ್ಚುಗೆಯಾಗಿ ಎರಡು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದ್ದೆ.

ಇದಕ್ಕೆ ಸಮಜಾಯಿಷಿ ಇದೆ. ಎರಡನೆಯ ಭಾನುವಾರ ನಾನು ಮೀಟರು ಹಿಡಿದು ಬಂದಾಗ ತಮ್ಮ ವಾಲ್ವಿನ ಮುಚ್ಚಳದ ಮೇಲೆ ಕುಂಬಾರ ಹುಳುವೊಂದು ಮಣ್ಣಿನ ಮನೆ ಕಟ್ಟಿ ಮುಗಿಸುತ್ತಿತ್ತು. ಬಲಗಡೆಯ ಚಕ್ರದಲ್ಲೂ ಅದರ ಬಂಧುವೊಂದು ಅದೇ ವಿನ್ಯಾಸದಲ್ಲಿ ಕೆಲಸ ಶುರುಮಾಡಿತ್ತು. ಮೀಟರು ಹಚ್ಚಬೇಕಾದರೆ ಮನೆ ಕೆಡವಬೇಕು, ಮನೆ ಕೆಡವಿದರೆ ಅದು ಕಚ್ಚೀತು. ಬಾಯಿಯಲ್ಲಿ ಮಣ್ಣು ಹೊತ್ತು ಸಂಸಾರ ಹೂಡುವವರ ಸೂರು ಕಿತ್ತ ಪಾಪ ನನಗೆ ಬೇಡವೆಂದು ನಾನು ಹಿಂದೆ ಸರಿದೆ. ಈ ದಯೆ ಎಷ್ಟು ಆಳವಾಗಿತ್ತೆಂದರೆ ಅದು ಮೂಡಿದ ಮರುಕ್ಷಣವೇ ನಾನು ಮತ್ತೆ ಹೋಗಿ ಹಾಸಿಗೆಯಲ್ಲಿ ಮಲಗಿದೆ.

ಇನ್ನು ಶನಿವಾರದ ಬೆಳಗು. ಅಕ್ಕ ಅರ್ಜಿ ತುಂಬಲೆಂದು ಮೊದಲ ಬಸ್ಸಿಗೇ ಕಡವಿಗೆ ಹೋಗಿದ್ದಳು. ಹೋಗುವ ಮುನ್ನ ಬಾಗಿಲ ಮೇಲಿನ ಹದಿನೆಂಟನೆಯ ಅರವತ್ತನ್ನು ನೋಡಿ, ನನ್ನ ತಲೆಗೂದಲು ಕೆದರಿ ಹೋದಳು. ಮಾವನ ಜೀಪಿಗೆ ಟ್ರೇಲರ್ ಸಿಕ್ಕಿಸಿ, ಅಪ್ಪ ತಟ್ಟಿ, ತಾವು ಟಣ್ ಎಂದು, ಮಾವ ಒದ್ದು, ನಾವು ಮೂವರೂ ಹೊರಟೆವು. ಇಪ್ಪತ್ತು ಕಿಲೋಮೀಟರಿನ ಹೊತ್ತಿಗೆ ಟ್ರೇಲರ್ ಎಡಕ್ಕೆ ಎಳೆಯುತ್ತಿದೆ ಎಂದು ಮಾವ ಒಂದು ಪೆಟ್ರೋಲ್ ಬಂಕಿನ ಗಾಳಿಯಂತ್ರದ ಮುಂದೆ ನಿಲ್ಲಿಸಿದರು. ಅಪ್ಪ ತಮ್ಮ ರಬ್ಬರು ಮೈಯನ್ನು ಮುಟ್ಟಿ ನೋಡಿ ಕೈ ಹಿಂದಕ್ಕೆಳೆದುಕೊಂಡು, "ಸುಡ್ತಾ ಇದೆಯಲ್ಲೋ" ಎಂದರು. ಮಾವ ತೀರ್ಪು ಕೊಟ್ಟರು: "ಗಾಳಿ ಜಾಸ್ತಿ ಆಗಿದೆ ಭಾವ, ಅದಕ್ಕೇ ಬಿಸಿ. ಮನುಷ್ಯ ಜಾಸ್ತಿ ತಿಂದ್ರೆ ಬೆವರಲ್ವಾ?" ಎಂದು ವಾಲ್ವಿನ ಮೇಲಿದ್ದ ಮಣ್ಣನ್ನು ಜೀಪಿನ ಕೀಲಿಕೈಯಿಂದ ಕೆರೆದು ಬಿಸಾಡಿದರು. "ಇದೇನು ಮಣ್ಣು ಮೆತ್ತಿಕೊಂಡಿದೆ!" ಎಂದು ಬೈದುಕೊಂಡರೇ ಹೊರತು, ಈ ಮಣ್ಣು ಇದ್ದ ಹಾಗೇ ಇದ್ದು ಇಷ್ಟು ಭಾನುವಾರ ಗಾಳಿಯನ್ನು ಅಳೆದವರು ಯಾರು, ಹೇಗೆ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಾನು ದೂರದಲ್ಲಿದ್ದ ಎಮ್ಮೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಾ ನಿಂತೆ.

ಗಾಳಿ ಹಾಕುವ ಹೆಂಗಸು ನಳಿಕೆ ಹಚ್ಚಿದಾಗ ಯಂತ್ರ ಮೂವತ್ತೆಂಟು ತೋರಿಸಿತು. "ಎಷ್ಟಿರಬೇಕು?" ಎಂದು ಅವಳು ಕೇಳಿದಳು. "ಜೀಪಿಗೆ ಎಷ್ಟೋ ಇದಕ್ಕೂ ಅಷ್ಟೇ, ಮೂವತ್ತೆರಡು. ಆರು ಜಾಸ್ತಿ ಇದೆ, ಬಿಡಮ್ಮಾ ಹೊರಗೆ" ಎಂದರು ಮಾವ. ಅವಳು ಬಿಡಲಿಲ್ಲ. "ಟ್ರೇಲರಿಂದು ಬೇರೆ ಇರುತ್ತೆ ಅಣ್ಣಾ, ಟೈರ್ ಮೇಲೆ ಬರೆದಿರ್ತಾರೆ ನೋಡಿ. ಅದೂ ಅಲ್ದೆ ಓಡಿ ಬಂದ ಟೈರಿನ ಲೆಕ್ಕ ಹಿಡೀಬಾರ್ದು, ಜ್ವರ ಬಂದೋರು ಮಾತಾಡಿದ ಹಾಗೆ ಅದು." ಮಾವ ತಮ್ಮ ಹೊರಕೆನ್ನೆಯನ್ನು ನೋಡಿದರು, ಅಲ್ಲಿ ಏನೂ ಬರೆದಿರಲಿಲ್ಲ. "ಮೂವತ್ತು ವರ್ಷ ಬಸ್ಸು ಓಡಿಸಿದೋನಮ್ಮ ನಾನು" ಎಂದರು. ಅವಳು "ಹಾಗಾದ್ರೆ ಸರಿ, ಬಸ್ಸಿನವರಿಗೆ ಹೇಳೋಕಾಗುತ್ತಾ" ಎಂದು ಆರು ಪೌಂಡನ್ನು ಹೊರಗೆ ಬಿಟ್ಟಳು. ಬಲಗಡೆಯದನ್ನೂ ನೋಡಲೇ ಎಂದಾಗ ಮಾವ, "ಎರಡೂ ಒಂದೇ ದಿನ ಹಾಕಿಸಿದ್ದು. ಎಡಗಡೆಯದು ಸರಿಹೋದ್ರೆ ಬಲಗಡೆಯದು ತಾನಾಗೇ ಸರಿಹೋಗುತ್ತೆ" ಎಂದು ಜೀಪು ಹತ್ತಿದರು.

ಆ ಹೊತ್ತಿಗೆ ಅಲ್ಲಿ ಅರವತ್ತು ಎಂಬ ಅಂಕಿ ಗೊತ್ತಿದ್ದದ್ದು ಇಬ್ಬರಿಗೆ. ಒಬ್ಬರು ತಾವು, ಅದನ್ನು ಒಳಕೆನ್ನೆಯಲ್ಲಿ ಬಚ್ಚಿಟ್ಟುಕೊಂಡಿದ್ದಿರಿ. ಇನ್ನೊಬ್ಬಳು ನಾನು. 'ಅರವತ್ತು ಇರಬೇಕು ಮಾವ' ಎಂದು ಮೂರೇ ಮಾತು ಹೇಳಿದ್ದರೆ ಸಾಕಾಗಿತ್ತು. ಆದರೆ ಆ ಮೂರು ಮಾತಿನ ಬಾಲ ಹಿಡಿದು 'ಹೋದ ಭಾನುವಾರ ಅರವತ್ತಿದ್ದದ್ದು ಇವತ್ತು ಮೂವತ್ತೆಂಟು ಹೇಗಾಯ್ತು?' ಎಂಬ ಪ್ರಶ್ನೆ ಬರುತ್ತಿತ್ತು, ಆ ಪ್ರಶ್ನೆಯ ಬಾಲ ಹಿಡಿದು ನಾನು ಸಿಕ್ಕಿಬೀಳುತ್ತಿದ್ದೆ. ಆದ್ದರಿಂದ ನಾವಿಬ್ಬರೂ, ತಾವೂ ನಾನೂ, ಒಬ್ಬರ ಮುಖ ಒಬ್ಬರು ನೋಡದೆ, ಬಾಯಿ ಮುಚ್ಚಿಕೊಂಡೆವು. ಇಷ್ಟು ಒಳ್ಳೆಯ ಒಳಒಪ್ಪಂದವನ್ನು ಹನ್ನೆರಡೇ ಕಿಲೋಮೀಟರಿನಲ್ಲಿ ಮುರಿದವರು ತಾವು ಎಂಬುದೇ ನನ್ನ ಮುಖ್ಯ ದೂರು.

ತಾವು ಮುರಿದ ರೀತಿಯೂ ಸಭ್ಯವಾಗಿರಲಿಲ್ಲ. ಗಾಳಿ ಕಡಿಮೆಯಾದ ಟೈರು ಪ್ರತಿ ಸುತ್ತಿಗೂ ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ತನ್ನ ಬಿಸಿಯಲ್ಲಿ ತಾನೇ ಬೇಯುತ್ತದೆ ಎಂದು ಆಮೇಲೆ ಬಂದ ಪಂಕ್ಚರಿನವರು ವಿವರಿಸಿದರು. ಹೆಚ್ಚಾಗಿ ಸಿಡಿಯುವುದು ಗಾಳಿ ಜಾಸ್ತಿಯಾಗಿ ಅಲ್ಲ, ಕಮ್ಮಿಯಾಗಿ ಎಂದು ಕೇಳಿ ಮಾವ ಆಕಾಶ ನೋಡಿದರು. ನಾವು ಉಪಕಾರ ಮಾಡಲು ಮರೆತ ಒಂದೇ ಕಾರಣಕ್ಕೆ ಬಲಗಡೆಯ ಟೈರು ಬದುಕಿ ಉಳಿದಿದೆ. ಸರಿ, ಸಿಡಿದದ್ದು ಸಿಡಿಯಿತು, ಸ್ಟೆಪ್ನಿ ಹಾಕೋಣವೆಂದು ಅಪ್ಪ ದೋಣಿಯ ಪಕ್ಕದಿಂದ ಅದನ್ನು ಬಿಚ್ಚಿ ತಂದರು. ಆಗ ಅವರಿಗೇ ನೆನಪಾಯಿತು: ಹೋದ ವರ್ಷ ದೋಣಿ ಕಟ್ಟೆಗೆ ತಾಗಿ ಬಣ್ಣ ಕೀಳಬಾರದೆಂದು ಪಕ್ಕಕ್ಕೆ ತೂಗುಹಾಕಲು, ಹಗ್ಗ ಪೋಣಿಸಲೆಂದು, ಅವರೇ ತಮ್ಮ ಕೈಯಾರೆ ಸ್ಟೆಪ್ನಿಗೆ ಮೂರು ತೂತು ಕೊರೆದಿದ್ದರು. ತೂತುಗಳು ಬಹಳ ಅಚ್ಚುಕಟ್ಟಾಗಿದ್ದವು. ಅಪ್ಪ ಅದನ್ನು ರಸ್ತೆಯ ಮೇಲೆ ಮಲಗಿಸಿ, ಅದರ ಮೇಲೆಯೇ ಕೂತು, ಯಾರನ್ನೂ ಬೈಯಲಿಲ್ಲ. ಅವರು ಬೈಯದಿದ್ದಾಗಲೇ ಮೊದಲ ಸಲ ನನ್ನೊಳಗೆ 'ದೊಪ್' ಎಂದದ್ದು.

ಎರವಲು ಚಕ್ರ ಸಿಕ್ಕಿ ನಾವು ಕಡವು ಮುಟ್ಟಿದಾಗ ಹನ್ನೊಂದು ದಾಟಿತ್ತು. ಅಕ್ಕ ಕಟ್ಟೆಯ ತುದಿಯಲ್ಲಿ ಕೂತಿದ್ದಳು, ತೇಲುವ ಕೋಟಿನ ಪಟ್ಟಿಗಳನ್ನು ಗಂಟಲವರೆಗೂ ಬಿಗಿದುಕೊಂಡೇ. ಒಂಬತ್ತಕ್ಕೆ ಹೆಸರು ಕರೆದಾಗ ಎದ್ದು ನಿಂತಳಂತೆ, ರಸ್ತೆಯ ಕಡೆ ನೋಡಿದಳಂತೆ, "ಬರ್ತಾರೆ ಸಾರ್, ನಮ್ಮ ಟೈರು ನೋಡ್ಕೊಂಡಿರೋದು ನನ್ನ ತಂಗಿ" ಎಂದಳಂತೆ. ಕಚೇರಿಯ ಗುಮಾಸ್ತರು ಇದನ್ನು ನನಗೆ ನಗುತ್ತಾ ಹೇಳಿದರು. ಅವರಿಗೆ ಏನು ಗೊತ್ತು. ನಮ್ಮನ್ನು ಕಂಡ ಕೂಡಲೇ ಅವಳು ಕೇಳಿದ್ದು, "ಯಾರಿಗೂ ಏಟಾಗಿಲ್ಲ ತಾನೇ?" ಎಂದು. ಮೇಲಧಿಕಾರಿಗಳು ಒಳ್ಳೆಯವರು. "ಬರೋ ಶನಿವಾರ ಇನ್ನೊಂದು ಸಲ ನೋಡೋಣಮ್ಮಾ. ಅವತ್ತೂ ದೋಣಿ ಬರಲಿಲ್ಲ ಅಂದ್ರೆ ಪಟ್ಟಿಯಲ್ಲಿ ಎರಡನೆಯವರನ್ನ ಕರೀತೀನಿ, ಬೇಜಾರು ಮಾಡ್ಕೋಬೇಡಿ" ಎಂದರು. ಇವತ್ತು ಗುರುವಾರ.

ಮನೆಯಲ್ಲಿ ವಿಚಾರಣೆ ನಡೆದು ತಮ್ಮನ್ನೇ ಏಕೈಕ ಅಪರಾಧಿಯೆಂದು ಸರ್ವಾನುಮತದಿಂದ ಘೋಷಿಸಲಾಗಿದೆ. ಹದಿನೆಂಟು ವಾರ ಅರವತ್ತಿದ್ದ ಟೈರು ಒಂದೇ ವಾರದಲ್ಲಿ ಮೂವತ್ತೆಂಟಕ್ಕೆ ಇಳಿಯಬೇಕಾದರೆ ಅದರ ಹುಟ್ಟಿನಲ್ಲೇ ದೋಷವಿರಬೇಕು ಎಂಬುದು ತೀರ್ಪಿನ ಸಾರಾಂಶ. ಆದ್ದರಿಂದ ನಾಳೆ ಬೇರೆ ಕಂಪನಿಯ ಎರಡು ಟೈರು ಬರುತ್ತಿವೆ. ಅಪ್ಪ ಅಂಗಡಿಗೇ ಹೋಗಿ, ತಟ್ಟಿ ನೋಡಿ, ಟಣ್ ಎನ್ನುವಂಥದ್ದನ್ನೇ ಆರಿಸಿ ತರುತ್ತಾರಂತೆ. ಮಾವ ದಾರಿಯಲ್ಲಿ ನಿಲ್ಲಿಸಿ ಮೂವತ್ತೆರಡು ಹಾಕಿಸುತ್ತಾರಂತೆ, ಹೊಸ ಕಂಪನಿ ತಾನೇ. ಅಂಕಿ ಬರೆಯುವ ಕೆಲಸ ಮತ್ತೆ ನನ್ನದೇ; ಅಕ್ಕ ಹೊಸ ಸೀಮೆಸುಣ್ಣ ತಂದಿಟ್ಟಿದ್ದಾಳೆ. ಹೀಗೆ ಎಲ್ಲವೂ ಇದ್ದ ಹಾಗೇ ಇದ್ದು ಟೈರು ಮಾತ್ರ ಬದಲಾದರೆ, ಶನಿವಾರ ಎಂಟು ಹತ್ತಕ್ಕೆ ಏನಾಗುತ್ತದೆಂದು ಹೇಳಲು ಜ್ಯೋತಿಷಿ ಬೇಕಾಗಿಲ್ಲ.

ಹಾಗಿದ್ದರೆ ಬಾಯಿಬಿಟ್ಟು ಹೇಳಬಾರದೇ ಎಂದು ತಾವು ಕೇಳಬಹುದು. ಹೇಳಿದೆ, ಮಾನ್ಯರೇ. ಭಾನುವಾರ ಅಕ್ಕನ ಮುಂದೆ ನಿಂತು, "ನಾನು ಅಳೆದೇ ಇಲ್ಲ ಅಕ್ಕಾ, ಎಲ್ಲಾ ಸುಮ್ನೆ ಬರೆದದ್ದು" ಎಂದೆ. ಅವಳು ನನ್ನನ್ನೇ ನೋಡಿ, ಎರಡು ದಿನದಲ್ಲಿ ಮೊದಲ ಸಲ ನಕ್ಕು, "ಹೋಗೇ, ನನ್ನ ಸಮಾಧಾನಕ್ಕೆ ತಪ್ಪು ಮೈಮೇಲೆ ಹಾಕ್ಕೋಬೇಡ. ಅರವತ್ತೂವರೆ ಬರೆದೋಳು ಅಳೆಯದೆ ಇರ್ತಾಳಾ?" ಎಂದಳು. ಅಮ್ಮನಿಗೆ ಹೇಳಿದೆ, ಅಮ್ಮ ಕಣ್ಣೊರೆಸಿಕೊಂಡು "ಎಷ್ಟು ದೊಡ್ಡ ಮನಸ್ಸು ನಿಂದು" ಎಂದು ಬೆನ್ನು ಸವರಿದಳು. ಮಾವನಿಗೆ ಹೇಳಿದರೆ ಅವರು ಬೆರಳು ಅಲ್ಲಾಡಿಸಿ, "ನಿನ್ನ ನಾಟಕ ನನ್ನ ಹತ್ರ ನಡೆಯಲ್ಲ. ಹಾರನ್ ಇನ್ಸ್‌ಪೆಕ್ಟರ್ ವಿಷಯ ಮರೆತಿಲ್ಲ ನಾನು" ಎಂದರು. (ಹಿಂದೊಮ್ಮೆ ಅವರನ್ನು ಬಸ್ಸುಗಳ ಗೌರವ ಹಾರನ್ ಇನ್ಸ್‌ಪೆಕ್ಟರ್ ಆಗಿ ನೇಮಿಸಲಾಗಿದೆ ಎಂಬ ಪತ್ರವೊಂದು ಟಪಾಲಿನಲ್ಲಿ ಬಂದಿತ್ತು. ಅವರು ಇಸ್ತ್ರಿ ಅಂಗಿ ತೊಟ್ಟು ನಿಲ್ದಾಣಕ್ಕೆ ಹೋಗಿ ಮೂರು ಬಸ್ಸುಗಳ ಹಾರನ್ ಪರೀಕ್ಷಿಸಿದ್ದರು. ಕೈಬರಹ ಚೆನ್ನಾಗಿತ್ತು.) ಹದಿನೇಳು ವಾರ ಸುಳ್ಳು ಬರೆದೆ, ಪ್ರತಿಯೊಂದನ್ನೂ ನಂಬಿದರು, ಒಂದು ದಿನ ನಿಜ ಹೇಳಿದೆ, ಮೂವರಲ್ಲಿ ಒಬ್ಬರಿಗೂ ಅದು ಜೀರ್ಣವಾಗಲಿಲ್ಲ. ತೋಳ ಬಂತು ತೋಳ ಎಂದು ಕೂಗಿದವನ ಗತಿ ನನಗೆ ಅರ್ಥವಾಗುತ್ತದೆ, ಆದರೆ ಅವನಿಗೆ ಕಡೆಯ ಪಕ್ಷ ತೋರಿಸಲು ಒಂದು ತೋಳವಿತ್ತು.

ಈ ಎಲ್ಲ ಕಾರಣಗಳಿಂದ ತಮ್ಮಲ್ಲಿ ನನ್ನ ಸವಿನಯ ಬೇಡಿಕೆಗಳು ಹೀಗಿವೆ. ಸಾಧ್ಯವಾದರೆ ತಾವು ಆ ಹದಿನೇಳು ಭಾನುವಾರಗಳಿಗೆ ಪೂರ್ವಾನ್ವಯವಾಗುವಂತೆ ಅರವತ್ತು ಪೌಂಡ್ ಗಾಳಿಯನ್ನು ತುಂಬಿಕೊಂಡಿದ್ದಿರೆಂದು ದೃಢೀಕರಿಸಿ, ಒಂದು ಭಾನುವಾರ ಅರವತ್ತೂವರೆ ಎಂಬುದನ್ನು ಮರೆಯದೆ ನಮೂದಿಸಬೇಕು. ಅದರಿಂದ ನನ್ನ ಬರಹವೆಲ್ಲ ಒಮ್ಮೆಗೇ ಸತ್ಯವಾಗುತ್ತದೆ. ಅದು ಆಗದಿದ್ದರೆ, ಚರಂಡಿಯಲ್ಲಿರುವ ತಮ್ಮ ಉಳಿದರ್ಧವನ್ನು ಕರೆಸಿಕೊಂಡು, ಕಳೆದ ಶನಿವಾರವನ್ನು ಬಿಟ್ಟು ಅದರ ಹಿಂದಿನ ಯಾವುದಾದರೊಂದು ಬಿಡುವಿನ ದಿನ, ನಾವೆಲ್ಲ ಮನೆಯಲ್ಲಿರುವಾಗ, ಅಂಗಳದಲ್ಲೇ ಸಿಡಿಯುವ ಕೃಪೆ ಮಾಡಬೇಕು. ಅದೂ ಆಗದಿದ್ದರೆ, ತಮ್ಮ ಕುಲದ ಹಿರಿಯರಿಗೆ ಹೇಳಿ, ಮುಂದೆ ಹುಟ್ಟುವ ಟೈರುಗಳೆಲ್ಲ ತಮ್ಮ ಅಂಕಿಯನ್ನು ಎರಡೂ ಕೆನ್ನೆಯ ಮೇಲೆ, ಕನ್ನಡಕ ಮರೆತು ಬಂದ ನಿವೃತ್ತ ಚಾಲಕರಿಗೂ ಕಾಣುವಷ್ಟು ದೊಡ್ಡದಾಗಿ ಬರೆಸಿಕೊಳ್ಳುವಂತೆ, ಒದ್ದವರಿಗೆ 'ಅಯ್ಯೋ' ಎಂದೂ, ತಟ್ಟಿದವರಿಗೆ 'ನಾನು ಹಲಗೆಯಲ್ಲ' ಎಂದೂ ಸ್ಪಷ್ಟವಾಗಿ ಉತ್ತರಿಸುವಂತೆ ಏರ್ಪಾಡು ಮಾಡಬೇಕು.

ಇವು ಯಾವುವೂ ತಮ್ಮಿಂದ ಆಗುವಂಥದ್ದಲ್ಲವೆಂದು ನನಗೆ ಗೊತ್ತು. ತಾವು ರಬ್ಬರು. ಗಾಳಿ ಎಷ್ಟಿದ್ದರೆ ಅಷ್ಟು ನಿಂತಿರಿ, ಇಲ್ಲದಾಗ ಹೋದಿರಿ. ಇಡೀ ಪ್ರಕರಣದಲ್ಲಿ ಸುಳ್ಳು ಹೇಳದೆ ಉಳಿದವರು ತಾವೊಬ್ಬರೇ ಎಂದು ಬರೆಯಲು ನನ್ನ ಕೈ ಸ್ವಲ್ಪ ತಡೆಯುತ್ತಿದೆ, ಆದರೂ ಬರೆದಿದ್ದೇನೆ. ಹಾಗಾಗಿ ಈ ಪತ್ರದ ಕೊನೆಯ ಬೇಡಿಕೆ ತಮಗಲ್ಲ, ಇದನ್ನು ಬಾಗಿಲ ಮೇಲೆ ಓದುತ್ತಿರುವ ನನ್ನ ಅಕ್ಕನಿಗೆ. ಅಕ್ಕಾ, ಎಡಗಡೆಯ ಮಣ್ಣಿನ ಮನೆಯನ್ನು ಮಾವ ಕೀಲಿಕೈಯಿಂದ ಕೆರೆದುಹಾಕಿದರು. ಆದರೆ ಬಲಗಡೆಯದನ್ನು ಯಾರೂ ನೋಡಲಿಲ್ಲ. ಇವತ್ತು ಬೆಳಿಗ್ಗೆ ಬಿಸಿಲು ಬೀಳುವ ಮುಂಚೆ, ನೀನು ಹೇಳಿದ ಹೊತ್ತಿಗೆ, ಗೋಡೆಗೂ ಚಕ್ರಕ್ಕೂ ನಡುವೆ ತೂರಿಕೊಂಡು ಹೋಗಿ ನೋಡಿದೆ. ರಿಮ್ಮಿನ ಕುಳಿಯೊಳಗೆ, ವಾಲ್ವಿನ ಮುಚ್ಚಳವನ್ನು ಪೂರ್ತಿ ನುಂಗಿಕೊಂಡು, ಕಲ್ಲಿನಂತೆ ಒಣಗಿ, ಅದು ಇದ್ದ ಹಾಗೇ ಇದೆ. ಅದರ ಮೇಲೆ ಹದಿನೇಳು ಭಾನುವಾರಗಳ ಧೂಳಿದೆ. ಅದನ್ನು ಒಡೆಯದೆ ಆ ಟೈರಿನ ಗಾಳಿಯನ್ನು ಯಾವ ತಂಗಿಯೂ ಅಳೆಯಲಾರಳು. ನನ್ನ ಹತ್ತಿರ ಮೀಟರು ಇದೆ, ಪಂಪು ಇದೆ. ಆದರೆ ನೀನು ಬಂದು ಟಾರ್ಚು ಹಿಡಿದು ನೋಡುವವರೆಗೆ ನಾನು ಅದನ್ನು ಮುಟ್ಟುವುದಿಲ್ಲ. ನೋಡಿದ ಮೇಲೆ ನೀನೇ ಕೆಡವು, ಅದು ಕಚ್ಚಿದರೆ ನನ್ನ ಕೈಯನ್ನೇ ಕಚ್ಚಲಿ. ಆಮೇಲೆ ಹೊಸ ಟೈರುಗಳ ಬರಹವನ್ನು ಹೊರಮುಖವಾಗಿ ಹಾಕಿಸೋಣ, ಅದರಲ್ಲಿರುವಷ್ಟನ್ನು ತಣ್ಣಗಿರುವಾಗ ತುಂಬೋಣ, ಶನಿವಾರ ಬಂಕಿನಲ್ಲಿ ನಾನು ಎಮ್ಮೆಯನ್ನು ನೋಡುವುದಿಲ್ಲ. ಹತ್ತೊಂಬತ್ತನೆಯ ಅಂಕಿಯ ಜಾಗವನ್ನು ಬಾಗಿಲ ಮೇಲೆ ಖಾಲಿ ಬಿಟ್ಟಿದ್ದೇನೆ.

ಇಷ್ಟು ಹೊತ್ತು ಒಂದು ಸಲವೂ ಉಸಿರೆತ್ತದೆ ಓದಿಸಿಕೊಂಡ ತಮ್ಮ ತಾಳ್ಮೆಗೆ, ಉಸಿರೇ ಇಲ್ಲದ ಕಾರಣಕ್ಕಾದರೂ, ಋಣಿಯಾಗಿದ್ದೇನೆ.

ತಮ್ಮ ವಿಶ್ವಾಸಿ,
(ಅದನ್ನು ತಮ್ಮನ್ನು ಬಿಟ್ಟು ಬೇರೆ ಯಾರೂ ನಂಬುತ್ತಿಲ್ಲ)
ಕಿತಾಪತಿ,
ಗಾಳಿಯ ಉಸ್ತುವಾರಿ, ಅಮಾನತಿನಲ್ಲಿ.

ತಾ.ಕ.: ಅಪ್ಪ ತಮ್ಮನ್ನು ಗುಜರಿಗೆ ಹಾಕುವುದಿಲ್ಲವಂತೆ. ಅಕ್ಕನಿಗೆ ಕೆಲಸ ಸಿಕ್ಕರೆ, ತಮ್ಮಲ್ಲಿ ಉಳಿದಿರುವ ಅರ್ಧಕ್ಕೆ ಮೂರು ತೂತು ಕೊರೆದು ದೋಣಿಯ ಪಕ್ಕಕ್ಕೆ ಕಟ್ಟಿ, ದಿನಕ್ಕೆ ಹತ್ತು ಸಲ ಕಟ್ಟೆಗೆ ಢಿಕ್ಕಿ ಹೊಡೆಸುತ್ತಾರಂತೆ. ಆ ಹುದ್ದೆಗೆ ಗಾಳಿಯ ಅಗತ್ಯವಿಲ್ಲವಾದ್ದರಿಂದ ತಾವು ಪೂರ್ತಿ ಅರ್ಹರು.

ಮತ್ತೊಂದು ತಾ.ಕ., ತುರ್ತು: ಮಾವನವರ ಗಮನಕ್ಕೆ. ಈ ಪತ್ರ ಓದಿ ತಮಗೆ ಯಾರನ್ನಾದರೂ ಒದೆಯಬೇಕೆನಿಸಿದರೆ ನಾನು ಶೆಡ್ಡಿನ ಹಿಂದೆಯೇ ಕೂತಿದ್ದೇನೆ, ಬಂದು ನನ್ನನ್ನೇ ಒದೆಯಿರಿ. ಅಕ್ಕ ಬಂದು ನೋಡುವವರೆಗೆ ದಯವಿಟ್ಟು ಬಲಗಡೆಯ ಟೈರನ್ನು ಮಾತ್ರ ಒದೆಯಬೇಡಿ. ನಾನು ನಿಜ ಹೇಳುತ್ತಿದ್ದೇನೆ ಎನ್ನುವುದಕ್ಕೆ ಈ ಲೋಕದಲ್ಲಿ ಉಳಿದಿರುವ ಸಾಕ್ಷಿ ಆ ಒಂದು ಹಿಡಿ ಮಣ್ಣು.